ಬತ್ತಿಪೇಟೆ ನಿಲ್ದಾಣವನ್ನು ತೋಡಿದವರಿಗೆ

ಬತ್ತಿಪೇಟೆ ಹಳೆಯ ಸುರಂಗ ರೈಲು ನಿಲ್ದಾಣ,
ನೆಲದಿಂದ ಅರವತ್ತಡಿ ಕೆಳಗೆ, ಬೆಂಗಳೂರು.
ಕ್ರಿ.ಶ. ೨೪೮೭, ಫೆಬ್ರವರಿ ೩೦.

ನಾನೂರ ಅರವತ್ತು ವರ್ಷದಷ್ಟು ಹಿಂದೆ ಇರುವ ಮಹನೀಯರೇ, ಮಹಿಳೆಯರೇ, ಅದರಲ್ಲೂ ತಲೆಗೆ ಹೆಲ್ಮೆಟ್ಟು, ಕಾಲಿಗೆ ಕೆಸರಿನ ಬೂಟು ಹಾಕಿಕೊಂಡು ಬತ್ತಿಪೇಟೆಯ ಅಡಿಯಲ್ಲಿ ಈ ಗಳಿಗೆ ಕೆಲಸ ಮಾಡುತ್ತಿರುವ ಮಹಾನುಭಾವರೇ!

ತಾರೀಖು ನೋಡಿದ ಕೂಡಲೇ ಇದು ಯಾರೋ ತಲೆಕೆಟ್ಟವನ ಕಾಗದವೆಂದು ಮಡಚಿ ಎಸೆಯಬೇಡಿ. ಫೆಬ್ರವರಿ ತಿಂಗಳಿಗೆ ಶತಮಾನಗಳಿಂದ ಆಗುತ್ತಿದ್ದ ಅನ್ಯಾಯವನ್ನು ನಮ್ಮ ಹಿರಿಯರು ಸರಿಪಡಿಸಿ ಇನ್ನೂರು ವರ್ಷವಾಯಿತು. ಜುಲೈಯಿಂದ ಒಂದು ದಿನ, ಆಗಸ್ಟಿನಿಂದ ಒಂದು ದಿನ ಕಿತ್ತು ಫೆಬ್ರವರಿಗೆ ಕೊಟ್ಟರು. ಆಗಸ್ಟ್ ಮೂವತ್ತೊಂದರಂದು ಹುಟ್ಟಿದವರ ವಂಶಸ್ಥರು ಮಾತ್ರ ಇವತ್ತಿಗೂ ಗೊಣಗುತ್ತಾರೆ. ನನ್ನ ಮಾತಿನ ವರಸೆ ವಿಚಿತ್ರವಾಗಿ ಕಂಡರೆ ಅದಕ್ಕೂ ಕ್ಷಮೆಯಿರಲಿ. ಕಾಲದ ದೂರ ಒಂದು ಕಾರಣ. ನಾನು ನಾಟಕದವರ ಮನೆಯಲ್ಲಿ ಹುಟ್ಟಿದ್ದು ಇನ್ನೊಂದು ಕಾರಣ. ನಮ್ಮ ಮನೆಯಲ್ಲಿ ಮಜ್ಜಿಗೆಗೆ ಉಪ್ಪು ಬೇಕೆಂದರೂ ಎದೆಯ ಮೇಲೆ ಕೈಯಿಟ್ಟು, ಒಂದು ಹೆಜ್ಜೆ ಮುಂದೆ ಬಂದು ಕೇಳುವುದು ರೂಢಿ.

ಈ ಕಾಗದ ನಿಮ್ಮ ಕೈಗೆ ಬಂದದ್ದು ಹಿನ್ನಡೆ ಅಂಚೆಯ ಮೂಲಕ. ಮುಂದಿನವರಿಂದ ಹಿಂದಿನವರಿಗೆ ಕಾಗದ ಒಯ್ಯುವ ಇಲಾಖೆ ಅದು. ಒಬ್ಬ ಮನುಷ್ಯನಿಗೆ ಜನ್ಮಕ್ಕೆ ಒಂದೇ ಒಂದು ಕಾಗದ ಕಳಿಸುವ ಅವಕಾಶ. ಮದುವೆ, ನಿವೇಶನ, ಲಾಟರಿ, ಈ ಮೂರರ ಬಗ್ಗೆ ಒಂದು ಸಲಹೆ ಕೊಟ್ಟರೂ ಕಾಗದ ದಾರಿಯಲ್ಲೇ ಬೂದಿಯಾಗುತ್ತದೆ. ಮೊದಲು ಹಾಗಿರಲಿಲ್ಲವಂತೆ. ಎಲ್ಲರೂ ಮುತ್ತಜ್ಜಂದಿರಿಗೆ 'ಆ ಹೆಂಗಸನ್ನು ಕಟ್ಟಿಕೊಳ್ಳಬೇಡ' ಎಂದು ಬರೆಯಲಾರಂಭಿಸಿ, ಬರೆಯುತ್ತ ಬರೆಯುತ್ತಲೇ ಒಂದಿಬ್ಬರು ಕುರ್ಚಿಯಿಂದ ಮಾಯವಾದ ಮೇಲೆ ನಿಯಮ ಬಂತು. ನಾನು ನನ್ನ ಒಂದೇ ಕಾಗದವನ್ನು ನಿಮಗೆ ಬರೆಯುತ್ತಿದ್ದೇನೆ. ಸುರಂಗವನ್ನು ಇನ್ನೂ ತೋಡುತ್ತಿರುವ ವರ್ಷಕ್ಕೆ ತಲುಪಲಿ ಎಂದು ಗುರುತು ಹಾಕಿಸಿದ್ದೇನೆ. ನಿಮ್ಮಲ್ಲಿ ಕನ್ನಡ ಓದಲು ಬಾರದವರು ಬಹಳ ಮಂದಿ ಇರಬಹುದು. ಓದಬಲ್ಲವರು ದಯವಿಟ್ಟು ಊಟದ ಹೊತ್ತಿನಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ, ತಿಳಿಸಿ ಹೇಳಿ.

ನನ್ನ ಹೆಸರು ಓಬಳೇಶ. ಶ್ರೀ ಅರ್ಕಾವತಿ ಪಾತಾಳ ನಾಟಕ ಮಂಡಳಿಯಲ್ಲಿ ಮೂವತ್ತೊಂದು ವರ್ಷದಿಂದ ಖಳನಾಯಕ. ನೀವು ತೋಡುತ್ತಿರುವ ಆ ಗುಂಡಿಯೇ ನಮ್ಮ ಮನೆ, ನಮ್ಮ ರಂಗಮಂದಿರ. ನಾವು ಮೂವತ್ತೆಂಟು ಜನ ಇಲ್ಲೇ ಹುಟ್ಟಿ, ಇಲ್ಲೇ ಬಣ್ಣ ಹಚ್ಚಿ, ಇಲ್ಲೇ ಬಣ್ಣ ಒರೆಸಿಕೊಂಡು ಬದುಕಿದವರು. ರೈಲುಗಳು ನಿಂತು ಮುನ್ನೂರು ವರ್ಷ ಮೀರಿದೆ. ಈಗ ಜನ ಓಡಾಡುವುದು ತೇಲುಪಟ್ಟಿಗಳ ಮೇಲೆ. ಮನೆಗಳ ಕಿಟಕಿಯ ಮುಂದೆ ಗಾಳಿಯಲ್ಲಿ ಹರಿಯುವ ಜಮಖಾನೆಗಳೆಂದುಕೊಳ್ಳಿ. ಕಾಲಿಟ್ಟರೆ ಸಾಕು, ಒಯ್ಯುತ್ತವೆ. ಅದರಲ್ಲೂ ಕಿಟಕಿ ಪಕ್ಕದ ಜಾಗಕ್ಕೆ ಜಗಳ ತಪ್ಪಿಲ್ಲ, ಪಟ್ಟಿಗೆ ಕಿಟಕಿಯೇ ಇಲ್ಲದಿದ್ದರೂ.

ನಿಮ್ಮ ನಿಲ್ದಾಣವನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ ಎಂದು ಹೇಳುತ್ತೇನೆ, ಕೇಳಿ. ಒಂದನೇ ಪ್ಲಾಟ್‌ಫಾರಮ್ಮು ಪ್ರೇಕ್ಷಕರಿಗೆ, ಎರಡನೆಯದು ರಂಗಕ್ಕೆ. ನಡುವೆ ಹಳಿಗಳಿದ್ದ ತಗ್ಗಿನಲ್ಲಿ ಹಾರ್ಮೋನಿಯಂ, ತಬಲಾ. ಟೋಕನ್ ಕೊಡುತ್ತಿದ್ದ ಗಾಜಿನ ಕೋಣೆ ತಂಪಾಗಿರುವುದರಿಂದ ಅಲ್ಲಿ ಉಪ್ಪಿನಕಾಯಿ ಭರಣಿಗಳನ್ನು ಇಟ್ಟಿದ್ದೇವೆ. ಜನ ಒಳಗೆ ಬರುವ ಗೇಟುಗಳು ಇನ್ನೂ ತಮ್ಮಷ್ಟಕ್ಕೆ ತಾವೇ ತೆರೆದು ಮುಚ್ಚುತ್ತವೆ. ಅವಕ್ಕೆ ವಿದ್ಯುತ್ತು ಎಲ್ಲಿಂದ ಬರುತ್ತದೋ ವಿದ್ಯುತ್ ಇಲಾಖೆಗೂ ಗೊತ್ತಿಲ್ಲ. ದಪ್ಪ ಪ್ರೇಕ್ಷಕರು ಅಡ್ಡಡ್ಡವಾಗಿ ನುಸುಳುತ್ತಾರೆ, ನಮ್ಮ ಗದೆಗಳನ್ನು ಮೇಲಿನಿಂದ ಎಸೆದು ಹಿಡಿಯುತ್ತೇವೆ. ಎಸ್ಕಲೇಟರು ನಿಂತುಹೋಗಿದೆ, ದೇವತೆಗಳು ಅದರ ಮೇಲೆ ಇಳಿದು ಬರುತ್ತಾರೆ. ನಲವತ್ತೆಂಟು ಮೆಟ್ಟಿಲು ಇಳಿಯುವಷ್ಟರಲ್ಲಿ ದೇವತೆಗಳ ಮಂಡಿ ಹಿಡಿದು, ವರ ಕೊಡುವ ಹೊತ್ತಿಗೆ ಮುಖದಲ್ಲಿ ನಿಜವಾದ ಸಂಕಟ ಇರುತ್ತದೆ. ಪ್ರೇಕ್ಷಕರು ಅದನ್ನು ಕರುಣೆಯೆಂದು ತಿಳಿದು ಕೈಮುಗಿಯುತ್ತಾರೆ.

ಎಲ್ಲಕ್ಕಿಂತ ದೊಡ್ಡ ಸೋಜಿಗ ಆ ಧ್ವನಿ. ದಿನಾ ಸಂಜೆ ಐದೂ ಹತ್ತಕ್ಕೆ ಚಾವಣಿಯೊಳಗಿಂದ ಒಬ್ಬ ಹೆಣ್ಣುಮಗಳು ಮೃದುವಾಗಿ ನುಡಿಯುತ್ತಾಳೆ: 'ಬಾಗಿಲುಗಳು ಎಡಬದಿಗೆ ತೆರೆಯಲಿವೆ.' ನಿಲ್ಲಿಸಲು ಹಿರಿಯರು ಏನೇನೋ ಮಾಡಿ ಸೋತು, ಕೊನೆಗೆ ನಾಟಕವನ್ನೇ ಅವಳಿಗೆ ಹೊಂದಿಸಿಕೊಂಡರು. ಮ್ಯಾಟಿನಿ ಪ್ರಯೋಗದಲ್ಲಿ ಸರಿಯಾಗಿ ಐದೂ ಹತ್ತಕ್ಕೆ ನಾನು ಸಾಯಬೇಕು. ಅಶರೀರವಾಣಿ ಎಡಬದಿ ಎಂದ ಕೂಡಲೇ ಸ್ವರ್ಗದ ಬಾಗಿಲು ಎಡಕ್ಕಿದೆ ಎಂದರಿತು ನಾನು ಎಡಕ್ಕೆ ಉರುಳುತ್ತೇನೆ. ಮೂವತ್ತೊಂದು ವರ್ಷ ಎಡಕ್ಕೇ ಉರುಳಿ ನನ್ನ ಎಡ ಭುಜ ಬಲ ಭುಜಕ್ಕಿಂತ ಎರಡು ಬೆರಳು ಕೆಳಗಿದೆ.

ನಾವು ಆಡುವುದು ಒಂದೇ ನಾಟಕ: 'ಅರ್ಕಾವತಿ ಪಾತಾಳ ವಿಜಯ.' ಅದೇ ಈ ನಿಲ್ದಾಣದ ಚರಿತ್ರೆ, ಬಾಯಿಂದ ಬಾಯಿಗೆ ಬಂದದ್ದು, ಒಂದು ಸಾಲೂ ಬಿಡದೆ ಕಾಪಾಡಿದ್ದು. ಕೇಳಿರಿ ಕಥೆಯನ್ನು! ಬತ್ತಿಪೇಟೆಯ ಮಹಾರಾಣಿ ಅರ್ಕಾವತಿ. ಅವಳ ಮುಖ ಹುಣ್ಣಿಮೆಯ ಚಂದ್ರನಂತೆ ದುಂಡಗೆ, ಅಡ್ಡಳತೆ ಆರೂವರೆ ಮೀಟರು. ಹಡಗಿನಲ್ಲಿ ಪರದೇಶದಿಂದ ಬಂದವಳು. ನೆಲದಡಿ ಅವಿತಿದ್ದ ಶಿಲಾಸುರನೆಂಬ ಕಲ್ಲುದೈತ್ಯನನ್ನು (ಅದು ನಾನು) ಸಂಹರಿಸಲು ಭೂಮಿಯೊಳಗೆ ಇಳಿದಳು. ದಿನಕ್ಕೆ ಎಂಟು ಮೀಟರು ನಡೆದಳು, ಒಂದು ದಿನವೂ ಹಿಂದೆ ಸರಿಯಲಿಲ್ಲ. ಬಂಡೆಯನ್ನು ಬಾಯಲ್ಲಿ ಅಗಿದು ಬೆನ್ನಿನ ಕಡೆಯಿಂದ ಕೆಸರು ಬಿಟ್ಟಳು. ಹಳೆಯ ಬಾವಿಯೊಂದರ ಕೆಳಗೆ ಮುನಿಸಿಕೊಂಡು ನಲವತ್ತು ದಿನ ಕದಲದೆ ಕೂತಳು. ಆಗ ಏಳು ಜನ ವೈದ್ಯರು ಬಂದು ಅವಳ ಹಲ್ಲುಗಳನ್ನೆಲ್ಲ ಕಿತ್ತು ಹೊಸದು ಕೂಡಿಸಿದರು. ಕೊನೆಗೊಂದು ದಿನ ಗೋಡೆ ಒಡೆದು ಹೊರಬಂದಾಗ ಮಂತ್ರಿಗಳೆಲ್ಲ ಹಾರ ಹಿಡಿದು ನಿಂತಿದ್ದರು.

ನೀವು ನಗುತ್ತಿದ್ದೀರಿ. ನನಗೆ ಇಲ್ಲಿಗೇ ಕೇಳಿಸುತ್ತಿದೆ. ಆದರೆ ಯೋಚಿಸಿ: ಬರೀ ಕಥೆ ಮಾತ್ರ ಉಳಿದವರಿಗೆ ಹೇಗೆ ಗೊತ್ತಾಗಬೇಕು? ಆರೂವರೆ ಮೀಟರಿನ ಮುಖವನ್ನು ನಮ್ಮ ಪಂಡಿತರು ಅತಿಶಯೋಕ್ತಿಯೆಂದರು. ಬೆನ್ನಿನ ಕೆಸರಿಗೆ ಮೂವತ್ತು ಪುಟದ ಆಧ್ಯಾತ್ಮಿಕ ವ್ಯಾಖ್ಯಾನವಿದೆ. ಹಲ್ಲಿನ ಪ್ರಸಂಗ ಬಂದಾಗ ಹಿಂದಿನ ಸಾಲಿನ ಮುದುಕರು ಕಣ್ಣೊರೆಸಿಕೊಳ್ಳುತ್ತಾರೆ.

ಐವತ್ತೈದು ವರ್ಷದಿಂದ ಅರ್ಕಾವತಿಯ ಪಾತ್ರ ಮಾಡುತ್ತಿರುವವಳು ನನ್ನ ಸೋದರತ್ತೆ ಸುಂಕಮ್ಮ. ಈಗ ಎಪ್ಪತ್ತೊಂದು ವಯಸ್ಸು. ಅವಳು ಬರೀ ಪಾತ್ರಧಾರಿಯಲ್ಲ; ಮಹಾರಾಣಿ ಅರ್ಕಾವತಿಯಿಂದ ಹದಿನಾರನೇ ತಲೆಯವಳು ಎಂದು ನಮ್ಮ ಮಂಡಳಿಯ ನಂಬಿಕೆ. ನಾವೆಲ್ಲ ಆ ವಂಶದವರೇ. ನಂಬಿಕೆ ನಂಬಿಕೆಯಾಗಿಯೇ ಇದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಹೋದ ತಿಂಗಳು ಭರ್ತಿ ಇಲಾಖೆಯವರು ಬಂದರು.

ಮೇಲೆ ಊರು ನೂರಾ ತೊಂಬತ್ತು ಅಂತಸ್ತಿಗೆ ಬೆಳೆದು ಭಾರವಾಗಿದೆ. ಕೆಳಗಿನ ಪೊಳ್ಳುಗಳಿಗೆ ಮಣ್ಣು ತುಂಬುವುದು ಭರ್ತಿ ಇಲಾಖೆಯ ಕೆಲಸ. ಒಂದೇ ಒಂದು ವಿನಾಯಿತಿ ಇದೆ, ಅದಕ್ಕೆ ತೋಡುಹಕ್ಕು ಎನ್ನುತ್ತಾರೆ. ಪೊಳ್ಳನ್ನು ತೋಡಿದವರ ವಂಶ ಅಲ್ಲೇ ವಾಸವಿದ್ದರೆ ತುಂಬುವಂತಿಲ್ಲ. ಇಲಾಖೆಯೇ ಕಂಬ ಕೊಟ್ಟು ನಿಲ್ಲಿಸಬೇಕು. ಇಲಾಖೆಯ ಅಧಿಕಾರಿ ಜುಲೇಖಾ ಪುಟ್ಟಸ್ವಾಮಿ ಎಂಬಾಕೆ ಅಳತೆಯ ಟೇಪು ಹಿಡಿದು ಬಂದು, ಗೇಟಿನಲ್ಲಿ ಸೆರಗು ಸಿಕ್ಕಿಸಿಕೊಂಡು, ಬಿಡಿಸಿಕೊಂಡು, ನೇರವಾಗಿ ಕೇಳಿದಳು: "ಇದನ್ನ ತೋಡಿದ್ದು ಯಾರು?"

ಸುಂಕಮ್ಮತ್ತೆ ಕಿರೀಟ ಸರಿಮಾಡಿಕೊಂಡು ಎದ್ದಳು. "ನಮ್ಮ ಮುತ್ತಜ್ಜಿ!"

"ಒಬ್ರೇನಾ?"

"ಒಬ್ಳೇ! ಬರೀ ಬಾಯಲ್ಲಿ!"

ಜುಲೇಖಾ ಕಾಗದದ ಮೇಲೆ ಏನೋ ಬರೆದುಕೊಂಡಳು. "ಸರಿ ಅಮ್ಮಾ. ಹಾಗಿದ್ರೆ ಆ ಕಾಲದ ಒಂದು ದಾಖಲೆ ತೋರ್ಸಿ. ಮಾರ್ಚ್ ಒಂದು, ಬೆಳಿಗ್ಗೆ ಹತ್ತು ಗಂಟೆ. ಇಲ್ಲಾಂದ್ರೆ ಮಣ್ಣಿನ ಕೊಳವೆ ಬಿಡ್ತೀವಿ, ಬೇಜಾರ್ ಮಾಡ್ಕೋಬೇಡಿ."

ಮಣ್ಣಿನ ಕೊಳವೆಗಳು ಆಗಲೇ ಬಂದು ಎಸ್ಕಲೇಟರಿನ ತಲೆಯ ಹತ್ತಿರ ಬಾಯಿ ತೆರೆದುಕೊಂಡು ನಿಂತಿವೆ. ನಾಟಕ ಮಂಡಳಿಗೆ ಮೇಲೆ ಜಾಗ ಕೊಡುತ್ತಾರಂತೆ, ನೂರಾ ಎಪ್ಪತ್ತನೇ ಅಂತಸ್ತಿನಲ್ಲಿ. ಮೂವತ್ತೆಂಟು ಜನಕ್ಕೆ ಒಂಬತ್ತು ಬೇರೆ ಬೇರೆ ಕಟ್ಟಡಗಳಲ್ಲಿ. ಅಲ್ಲಿ ಜೋರಾಗಿ ಮಾತಾಡಿದರೆ ದಂಡ. ನೀವೇ ಹೇಳಿ, ನಮ್ಮಂಥವರು ಅಲ್ಲಿ ಮಜ್ಜಿಗೆಗೆ ಉಪ್ಪು ಕೇಳುವುದು ಹೇಗೆ?

ದಾಖಲೆಗಾಗಿ ನಾನು ನಿಲ್ದಾಣವನ್ನೆಲ್ಲ ಜಾಲಾಡಿದೆ. ಮೊನ್ನೆ ಬೆಳಿಗ್ಗೆ ಉಪ್ಪಿನಕಾಯಿ ಭರಣಿಗಳ ಹಿಂದಿನ ತುಕ್ಕು ಬೀರುವಿನ ಬೆನ್ನಿಗೆ ಅಂಟಿಕೊಂಡಿದ್ದ ಪ್ಲಾಸ್ಟಿಕ್ ಹಾಳೆಯೊಂದು ಸಿಕ್ಕಿತು. ಉದ್ಘಾಟನೆಯ ದಿನ ಹಂಚಿದ್ದು. ಎತ್ತಿ ಓದಿದೆ: 'ಅರ್ಕಾವತಿ. ತೂಕ ನಾನೂರ ಎಂಬತ್ತು ಟನ್.' ಅಯ್ಯೋ ಪಾಪ, ರಾಜಭೋಜನ ಹೆಚ್ಚಾಗಿರಬೇಕು ಎಂದುಕೊಂಡೆ. 'ಉದ್ದ ತೊಂಬತ್ತೆಂಟು ಮೀಟರು.' ಇದು ಕಿರೀಟ ಸೇರಿಸಿ ಇರಬಹುದು. 'ಕೆಲಸ ಮುಗಿದ ಮೇಲೆ ಅರ್ಕಾವತಿಯನ್ನು ತುಂಡು ತುಂಡು ಮಾಡಿ ಕ್ರೇನಿನಲ್ಲಿ ಮೇಲೆತ್ತಲಾಯಿತು.'

ಕೊಲೆ! ಎಂದು ನಾನು ಕೂಗಿದ ಕೂಗಿಗೆ ಒಂದು ಭರಣಿ ಬಿತ್ತು. ಮಹಾರಾಣಿಯನ್ನು ಕಡಿದಿದ್ದಾರೆ! ನಾನೂರ ಅರವತ್ತು ವರ್ಷ ಮುಚ್ಚಿಟ್ಟಿದ್ದಾರೆ! ಮುಂದಿನ ಸಾಲಿಗೆ ಹೋದರೆ, ಬೇರಿಂಗಿಗೆ ದಿನಕ್ಕೆ ಎಷ್ಟು ಗ್ರೀಸು ಬೇಕಾಗುತ್ತಿತ್ತು ಎಂಬ ವಿವರ. ಅದರ ಕೆಳಗೆ ಚಿತ್ರ. ಚಿತ್ರದಲ್ಲಿ ಆರೂವರೆ ಮೀಟರಿನ ದುಂಡು ಕಬ್ಬಿಣದ ಮುಖ, ಅದರ ತುಂಬ ಹಲ್ಲು. ಸುರಂಗ ಕೊರೆಯುವ ಯಂತ್ರಗಳಿಗೆ ನೀವು ನದಿಗಳ ಹೆಸರು, ಹೆಣ್ಣುಮಕ್ಕಳ ಹೆಸರು ಇಡುತ್ತಿದ್ದಿರಿ ಎಂದು ಆ ಹಾಳೆಯಲ್ಲೇ ಬರೆದಿತ್ತು. ಎಂಥಾ ಜನ ನೀವು! ಯಂತ್ರಕ್ಕೆ ನಂಬರು ಕೊಟ್ಟಿದ್ದರೆ ಸಾಲದೇ? ಅದನ್ನು ಹಾಡಿ ಹೊಗಳುವವರು ಮುಂದೆ ಹುಟ್ಟುತ್ತಾರೆಂದು ಸ್ವಲ್ಪವಾದರೂ ಯೋಚಿಸಬಾರದೇ?

ಸುಂಕಮ್ಮತ್ತೆಗೆ ಹೇಳಲು ನನಗೆ ಧೈರ್ಯ ಬರಲಿಲ್ಲ. ಹಾಳೆಯನ್ನು ಅವಳ ಮುಂದಿಟ್ಟು ಪಕ್ಕದಲ್ಲಿ ನಿಂತೆ. ಅವಳು ತಾಲೀಮಿಗೆ ಹೊರಟಿದ್ದವಳು, ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. ಚಿತ್ರವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು.

"ಲೋ ಓಬ್ಳೇಶ, ಐವತ್ತೈದು ವರ್ಷ ನಾನು ಮಷೀನ್ ಆಗಿ ಅತ್ತಿದ್ದೀನೇನೋ?"

"ಚೆನ್ನಾಗೇ ಅತ್ತಿದ್ದೀಯ ಅತ್ತೆ."

"ಆ ಹಲ್ಲು ಕೀಳೋ ಸೀನಲ್ಲಿ ನಿಜವಾಗ್ಲೂ ದವಡೆ ನೋಯ್ತಿತ್ತು ಕಣೋ!"

ನಾನು ನನ್ನ ಯೋಜನೆ ಮುಂದಿಟ್ಟೆ. ಖಳನಾಯಕನಿಗೆ ಯೋಜನೆಗಳು ಸುಲಭವಾಗಿ ಹೊಳೆಯುತ್ತವೆ. ಹಾಳೆಯ ಮೇಲ್ಭಾಗದಲ್ಲಿ 'ಅರ್ಕಾವತಿ ಈ ನಿಲ್ದಾಣವನ್ನು ತೋಡಿದಳು' ಎಂದು ಸ್ಪಷ್ಟವಾಗಿದೆ. ಅಷ್ಟನ್ನು ಮಾತ್ರ ಕತ್ತರಿಸಿ ಜುಲೇಖಾಳ ಕೈಗೆ ಕೊಡೋಣ, ಉಳಿದದ್ದನ್ನು ಒಲೆಗೆ ಹಾಕೋಣ, ಮೂವತ್ತೆಂಟು ಜನರ ತಲೆ ಮೇಲೆ ಮಣ್ಣು ಬೀಳುವುದು ತಪ್ಪುತ್ತದೆ ಎಂದೆ. ಅತ್ತೆ ಕನ್ನಡಕ ತೆಗೆದು ಮಡಚಿದಳು.

"ನನಗೆ ಸುಳ್ಳು ಹೇಳಕ್ಕೆ ಮುಖಕ್ಕೆ ಬಣ್ಣ ಬೇಕು. ಬಣ್ಣ ಇಲ್ದೆ ಒಂದು ಸುಳ್ಳೂ ಬರಲ್ಲ, ನಿಮ್ಮ ಮಾವನ್ನ ಕೇಳು, ಮದುವೇಲೇ ಹೇಳಿದ್ದೆ. ಇರ್ಲಿ, ಮಷೀನು ತಾನೇ ತಾನಾಗಿ ಹೋಯ್ತೇನೋ? ಓಡಿಸ್ದೋರು ಯಾರಂತೆ? ಹಲ್ಲು ಬದಲಾಯಿಸ್ದೋರು? ಕೆಸರು ಹೊತ್ತೋರು? ನೋಡು ಕೆಳಗೆ, ಬರ್ದಿರ್ತಾರೆ."

ನೋಡಿದೆ. ಹಾರ ಹಾಕಿಸಿಕೊಂಡ ಹತ್ತೊಂಬತ್ತು ಜನರ ಹೆಸರು, ಪದವಿ ಸಮೇತ ಇತ್ತು. ಅದರಲ್ಲಿ ಒಬ್ಬರಿಗೆ ಎರಡು ಹಾರ. ಕಟ್ಟಕಡೆಯ ಸಾಲಿನಲ್ಲಿ, ಇರುವೆ ಕಾಲಿನಷ್ಟು ಅಕ್ಷರದಲ್ಲಿ, 'ಹಾಗೂ ಮುನ್ನೂರ ಹನ್ನೆರಡು ಮಂದಿ ಇತರರು' ಎಂದಿತ್ತು.

ಅತ್ತೆ ಅದನ್ನು ನನ್ನಿಂದ ಎರಡು ಸಲ ಓದಿಸಿದಳು. ಆಮೇಲೆ ತಾಲೀಮು ನಿಲ್ಲಿಸಿ, ಒಬ್ಬಳೇ ಹೋಗಿ ಹಳಿಯ ತಗ್ಗಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು. "ಇಷ್ಟು ವರ್ಷ ಮುನ್ನೂರ ಹನ್ನೆರಡು ಜನದ ಕೆಲಸಾನ ಒಬ್ಳೇ ಮಾಡ್ದೆ ಅಂತ ಚಪ್ಪಾಳೆ ಹೊಡಿಸ್ಕೊಂಡೆ," ಎಂದಳು. ಅದು ಸಂಭಾಷಣೆಯಂತೆ ಹೇಳಿದ್ದಲ್ಲ. ಮೆಲ್ಲಗೆ ಹೇಳಿದ್ದು. ಸುಂಕಮ್ಮತ್ತೆಯ ಮೆಲ್ಲನೆಯ ದನಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಯಾರೋ ಬೇರೆಯವರು ಮಾತಾಡಿದರೆಂದು ತಿರುಗಿ ನೋಡಿದೆ.

ನಿನ್ನೆ ಇಡೀ ಹಾಳೆಯನ್ನು ಜುಲೇಖಾ ಪುಟ್ಟಸ್ವಾಮಿಯ ಕೈಗೆ ಕೊಟ್ಟೆವು. ಆಕೆ ಓದಿ, ಬಹಳ ಹೊತ್ತು ನಗು ತಡೆದು, ಕೊನೆಗೆ ತಡೆಯಲಾರದೆ ಟೇಪಿನ ಡಬ್ಬಿಯ ಹಿಂದೆ ಮುಖ ಮುಚ್ಚಿಕೊಂಡಳು. "ಸಾರಿ ಅಮ್ಮಾ. ಚಿಕ್ಕೋಳಿದ್ದಾಗ ನಮ್ಮಪ್ಪನ ಜೊತೆ ಬಂದು ನಿಮ್ಮ ನಾಟ್ಕ ನೋಡಿ ನಾನೂ ಅತ್ತಿದ್ದೆ, ಅದಕ್ಕೇ ನಗು." ಆಮೇಲೆ ಗಂಭೀರವಾದಳು. ನಾಟಕದವರು ಅರ್ಕಾವತಿಯ ವಂಶದವರೂ ಅಲ್ಲ, ಆ ಮುನ್ನೂರ ಹನ್ನೆರಡು ಜನರ ವಂಶದವರು ಎನ್ನಲು ಆಧಾರವೂ ಇಲ್ಲ, ಕಾನೂನು ಪ್ರಕಾರ ಮಣ್ಣೇ ಗತಿ ಎಂದಳು. ಹೊರಟವಳು ಗೇಟಿನ ಹತ್ತಿರ ನಿಂತಳು.

"ತೋಡುಹಕ್ಕಿನಲ್ಲಿ ಇನ್ನೊಂದು ಕಲಮು ಇದೆ. ತೋಡ್ದೋರು ತಮ್ಮ ಕೈಯಾರೆ ಬರ್ದು ಯಾರಿಗಾದ್ರೂ ಬಿಟ್ಕೊಟ್ಟಿದ್ರೆ, ಅವ್ರು ಇರಬಹುದು. ಯಾರೂ ಬಳಸಿಲ್ಲ, ಯಾಕಂದ್ರೆ ಯಾರೂ ಬರ್ದಿಲ್ಲ. ಆದ್ರೆ ಈ ಹೊಳಪಿನ ಕಲ್ಲುಹಲಗೆ ಇದ್ಯಲ್ಲ, ಇದರ ಹಿಂದೆ ಒರಟು ಗೋಡೆ ಇರುತ್ತೆ. ಬೇರೆ ಒಂದು ನಿಲ್ದಾಣದಲ್ಲಿ ಹಲಗೆ ತೆಗೆದಾಗ ಕೆಲಸದೋರು ಗೀಚಿದ್ದು ಸಿಕ್ಕಿತ್ತು."

"ಏನಂತ ಗೀಚಿದ್ರು?" ಎಂದೆ.

"'ಇವತ್ತೂ ಕುಂಬಳಕಾಯಿ ಪಲ್ಯ' ಅಂತ."

ಹಾಗೆ ಹೇಳಿ ಆಕೆ ನನ್ನನ್ನೇ ನೋಡಿದಳು. "ನಿಮ್ಮ ಹಿನ್ನಡೆ ಕಾಗದ ಇನ್ನೂ ಉಳಿದಿದ್ಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎಸ್ಕಲೇಟರು ಹತ್ತಿದಳು. ಸರ್ಕಾರಿ ಅಧಿಕಾರಿ ಅದಕ್ಕಿಂತ ಹೆಚ್ಚು ಹೇಳುವಂತಿಲ್ಲ.

ಮಹಾನುಭಾವರೇ, ನನ್ನ ಕೋರಿಕೆ ಇಷ್ಟೇ. ಎರಡನೇ ಪ್ಲಾಟ್‌ಫಾರಮ್ಮಿನ ದಕ್ಷಿಣದ ತುದಿಯಲ್ಲಿ, ಕೊನೆಯ ಕಂಬದ ಪಕ್ಕದ ಗೋಡೆಗೆ ಕಲ್ಲುಹಲಗೆ ಕೂರಿಸುವ ಮೊದಲು, ನಿಮ್ಮ ಹೆಸರು ಬರೆಯಿರಿ. ಒಡಿಯಾ, ಬಂಗಾಳಿ, ಹಿಂದಿ, ತೆಲುಗು, ಯಾವ ಲಿಪಿಯಾದರೂ ಸರಿ. ಬರೆಯಲು ಬಾರದವರು ಅಂಗೈ ಒತ್ತಿ. ಎಲ್ಲಕ್ಕೂ ಕೆಳಗೆ ಒಂದು ಸಾಲು: 'ನಾಟಕದವರು ಇಲ್ಲೇ ಇರಲಿ.' ನಿಮ್ಮ ಮೇಲಿನವರು ಬೈದರೆ, ಇದು ಗೋಡೆ ಪರೀಕ್ಷೆಯ ಗುರುತು ಎಂದು ಹೇಳಿ. ಅಷ್ಟು ಸುಳ್ಳನ್ನು ನನ್ನ ಲೆಕ್ಕಕ್ಕೆ ಹಾಕಿ, ನಾನು ಖಳನಾಯಕ.

ನೀವು ಬರೆಯುವುದೇ ಆದರೆ ಅದು ಈಗಾಗಲೇ ಹಲಗೆಯ ಹಿಂದೆ ಇರಬೇಕು. ನನಗೆ ಇದನ್ನು ಯೋಚಿಸಿದರೆ ತಲೆ ಸುತ್ತುತ್ತದೆ. ಕೈಹಾಕಿ ನೋಡಿಬಿಡೋಣವೆಂದರೆ ಅಧಿಕಾರಿಯಿಲ್ಲದೆ ಹಲಗೆ ಬಿಚ್ಚಿದರೆ ದಾಖಲೆ ಊರ್ಜಿತವಲ್ಲ. ನಾಳೆ ಹತ್ತಕ್ಕೆ ಜುಲೇಖಾಳ ಎದುರಿಗೇ ತಿರುಪು ಬಿಚ್ಚುತ್ತೇವೆ. ಅಲ್ಲಿ ಖಾಲಿ ಗೋಡೆ ಇದ್ದರೆ, ಅಥವಾ ಬರೀ ಕುಂಬಳಕಾಯಿ ಇದ್ದರೆ, ಮಧ್ಯಾಹ್ನದೊಳಗೆ ಮಣ್ಣು ಇಳಿಯುತ್ತದೆ.

ಪ್ರತಿಯಾಗಿ ಕೊಡಲು ನಮ್ಮಲ್ಲಿರುವುದು ನಾಟಕ ಒಂದೇ. ಸುಂಕಮ್ಮತ್ತೆ ಹೇಳಿ ಬರೆಸುತ್ತಿದ್ದಾಳೆ: ನಾಳೆ ಉಳಿದರೆ ಮಹಾರಾಣಿಯ ಪಾತ್ರ ತೆಗೆದುಹಾಕುವುದು. ಗೋಡೆಯಲ್ಲಿ ಎಷ್ಟು ಹೆಸರು ಸಿಗುತ್ತವೆಯೋ ಅಷ್ಟು ಪಾತ್ರ. ನಾವು ಮೂವತ್ತೆಂಟೇ ಜನ, ಒಬ್ಬೊಬ್ಬರಿಗೆ ಎಂಟೋ ಒಂಬತ್ತೋ ಬರುತ್ತದೆ. ಪ್ರಯೋಗ ಎರಡು ದಿನ ಹಿಡಿಯುತ್ತದೆ, ಪ್ರೇಕ್ಷಕರು ಬುತ್ತಿ ಕಟ್ಟಿಕೊಂಡು ಬರಲಿ ಎಂದು ಅವಳ ಹಟ. ನಾಟಕದವರನ್ನು ಮನೆತನಕ್ಕೆ ಸೇರಿಸಿಕೊಳ್ಳಲು ನಿಮಗೆ ಸಂಕೋಚವಾಗಬಹುದು. ಗದ್ದಲದ ಜನ ನಾವು, ಒಪ್ಪುತ್ತೇನೆ. ಆದರೆ ನಿಮ್ಮನ್ನು ಇತರರು ಎಂದು ಮಾತ್ರ ಎಂದೂ ಕರೆಯುವುದಿಲ್ಲ.

ಅತ್ತೆ ಆ ಹಲಗೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಆಗಲೇ ಕೂತಿದ್ದಾಳೆ. ಕಿರೀಟವಿಲ್ಲ. ಅಂಚೆಯವನು ಕಾಯುತ್ತಿದ್ದಾನೆ, ಮುಗಿಸುತ್ತೇನೆ. ಸೀಮೆಸುಣ್ಣದಲ್ಲಿ ಬರೆಯಬೇಡಿ, ಇಷ್ಟು ವರ್ಷಕ್ಕೆ ಉದುರಿಹೋಗುತ್ತದೆ. ಮೊಳೆ ತೆಗೆದುಕೊಳ್ಳಿ. ಗಟ್ಟಿಯಾಗಿ ಒತ್ತಿ ಗೀಚಿ.

ಇಂತಿ ನಿಮ್ಮ, ನೀವು ಒಪ್ಪಿದರೆ ನಿಮ್ಮವನೇ ಆದ,
ಓಬಳೇಶ